ಮೊದಲು ಒಂದು ಸಾಲಿಗೆ

ಅಂಗೈ ಮೇಲೆ ಮೂರು ಗುಳಿಗೆ ಇಟ್ಟುಕೊಂಡು ವಿರುಪಾಕ್ಷಪ್ಪ ಹೆಂಡತಿಯ ಮಂಚದ ಮುಂದೆ ನಿಂತು ಆಗಲೇ ಕಾಲು ತಾಸಾಗಿತ್ತು. ಕಸ್ತೂರೆವ್ವ ಬಾಯಿ ತೆರೆಯುತ್ತಿರಲಿಲ್ಲ. ತುಟಿ ಒಡೆದು ರಕ್ತ ಜಿನುಗಿತ್ತು. ನಾಲಗೆಯ ಅಂಚಿಗೆಲ್ಲ ಬಿಳಿ ಹುಣ್ಣೆದ್ದಿತ್ತು. ರಾತ್ರಿಯಿಂದ ಆರು ಸಲ ಸಂಡಾಸಕ್ಕೆ ಹೋಗಿ ಬಂದವಳ ಕಣ್ಣು ಒಳಗೆ ಸೇರಿದ್ದವು. ಅಂಗೈ ಕೆಂಪಗಾಗಿ ಚರ್ಮ ಸುಲಿಯುತ್ತಿತ್ತು.

"ನುಂಗ ಬೇ. ಮೂರ ಗುಳಿಗಿ. ಕಣ್ಣ ಮುಚ್ಚಿ ನುಂಗಿಬಿಡು."

ಅವಳು ತಲೆ ಅಲ್ಲಾಡಿಸಿದಳು. "ಆಗವಲ್ದ್ರಿ. ಬಾಯಾಗ ಬೆಂಕಿ ಇಟ್ಟಂಗ ಆಗೇತಿ."

"ಉರಿಯಾಕ ಬೇಕ. ಉರದ್ರ ಔಷಧ ಹತ್ತೇತಿ ಅಂತ ತಿಳಿ."

ಎಂಥ ತರ್ಕ ನೋಡಿ! ಆದರೆ ಮನುಷ್ಯ ತಮಾಷೆಗೆ ಹೇಳುತ್ತಿರಲಿಲ್ಲ, ಮನಸಾರೆ ನಂಬಿದ್ದ. ಐನಾಪುರದ ಹೊರವಲಯದಲ್ಲಿ ಆರು ಎಕರೆ ದ್ರಾಕ್ಷಿ ಬಾಗ, ನಾಲ್ಕು ಎಕರೆ ಕಬ್ಬು ಇಟ್ಟುಕೊಂಡಿದ್ದ ವಿರುಪಾಕ್ಷಪ್ಪ ಮೂವತ್ತೈದು ವರ್ಷದಿಂದ ಬಳ್ಳಿಯ ಸಂಗಡ ಬದುಕಿದವನು. ಅಕ್ಟೋಬರದಲ್ಲಿ ಬಳ್ಳಿ ಕತ್ತರಿಸಿ, ಕಡ್ಡಿಗೆ ಔಷಧ ಸವರಿದರೆ ಸಿಪ್ಪೆ ಸುಟ್ಟು ಕಂದಾಗುತ್ತದೆ. ಹಾಗೆ ಸುಟ್ಟ ಕಡ್ಡಿಯೇ ವಾರದಲ್ಲಿ ಕಣ್ಣೊಡೆದು ಚಿಗುರುತ್ತದೆ. ಸುಡದಿದ್ದ ಕಡ್ಡಿ ಸುಮ್ಮನೆ ಕುಳಿತಿರುತ್ತದೆ. ಇದನ್ನು ಅವನು ಒಂದಲ್ಲ, ಎರಡಲ್ಲ, ಮೂವತ್ತೈದು ಅಕ್ಟೋಬರ ಕಂಡಿದ್ದ.

ಐನಾಪುರದಿಂದ ಕಾಗವಾಡದವರೆಗೆ ದ್ರಾಕ್ಷಿ ಬೆಳೆಯುವವರು ಬೆಳಗಾದರೆ ಅವನಿಗೆ ಫೋನು ಹಚ್ಚುತ್ತಿದ್ದರು. "ಕಾಕಾ, ಎಲಿ ಹಿಂದ ಬೆಳ್ಳಗ ಆಗೇತಿ, ಏನ ಹೊಡೀಲಿ? ಎಷ್ಟ ಹೊಡೀಲಿ?" ವಿರುಪಾಕ್ಷಪ್ಪ ಚಹಾದ ಬಟ್ಟಲು ಹಿಡಿದುಕೊಂಡೇ ಡೋಸು ಹೇಳುತ್ತಿದ್ದ, ಚೀಟಿ ನೋಡುತ್ತಿರಲಿಲ್ಲ. ಅವನವು ಎರಡೇ ಕಟ್ಟಳೆ. ಹೊಸ ಔಷಧ ಬಂದರೆ ಮೊದಲು ಒಂದು ಸಾಲಿಗೆ ಹೊಡೆದು ಮೂರು ದಿನ ಕಾಯಬೇಕು. ಎಲೆ ಸುಡಲಿಲ್ಲವೆಂದರೆ ಆಮೇಲೆ ಪೂರಾ ಬಾಗಕ್ಕೆ. ಎರಡನೆಯದು, ಹೊಡೆಯುವುದಾದರೆ ಅರ್ಧ ಡೋಸು ಹೊಡೆಯಬಾರದು. ಅರ್ಧ ಡೋಸಿಗೆ ಎಲೆ ಹಿಂದೆ ಬೆಳ್ಳಗಾಗುವ ಆ ದಾವಣಿ ರೋಗ ಸಾಯುವುದಿಲ್ಲ, ಔಷಧದ ರುಚಿ ನೋಡಿ ಸೊಕ್ಕುತ್ತದೆ, ಮುಂದಿನ ಸಲ ಪೂರಾ ಡೋಸಿಗೂ ಬಗ್ಗುವುದಿಲ್ಲ. ಈ ಎರಡು ಮಾತು ಅವನ ಬಾಯಿಂದ ಎಷ್ಟು ಸಾವಿರ ಸಲ ಬಂದಿದ್ದವೋ. ಚಹಾ ತಂದು ಕೊಡುತ್ತಿದ್ದ ಕಸ್ತೂರೆವ್ವನ ಕಿವಿಗೆ ಅಷ್ಟೂ ಸಲ ಬಿದ್ದಿದ್ದವು.

ಎರಡು ವರ್ಷದ ಹಿಂದೆ ಅವಳ ಎಡ ಎದೆಯಲ್ಲಿ ಗಂಟು ಕಂಡಿತ್ತು. ಮಿರಜದಲ್ಲಿ ಆಪರೇಷನ್ ಆಯಿತು. ಸಲಾಯಿನ್ ಹಚ್ಚಿದರು, ಕೂದಲು ಉದುರಿತು, ಮತ್ತೆ ಬಂತು. ಎಲ್ಲ ಮುಗಿಯಿತು ಅಂದುಕೊಂಡು ಮನೆಯವರು ನಿಟ್ಟುಸಿರು ಬಿಟ್ಟಿದ್ದರು. ಈ ದೀಪಾವಳಿಗೆ ಬೆನ್ನು ನೋವು ಅಂದಳು. ಸ್ಕ್ಯಾನು ಮಾಡಿಸಿದರೆ ರೋಗ ಎಲುಬಿಗೆ ಇಳಿದಿತ್ತು.

ಅಂದು ಮಿರಜಕ್ಕೆ ಹೋದವರು ಗಂಡ ಹೆಂಡತಿ ಇಬ್ಬರೇ. ಡಾಕ್ಟರ್ ಉಜ್ವಲಾ ಚಿಕ್ಕೋಡಿಯ ಕಡೆಯವಳು. ಕನ್ನಡದಲ್ಲೇ, ಗಡಿಬಿಡಿ ಮಾಡದೆ ತಿಳಿಸಿ ಹೇಳಿದ್ದಳು.

"ಈ ಗುಳಿಗಿ ನುಂಗಿದಾಗ ಬರೇ ಪುಡಿ ಇದ್ದಂಗ ರೀ. ಮೈಯೊಳಗಿನ ಎಂಜೈಮ್ ಅದನ್ನ ವಿಷಾ ಮಾಡತಾವ. ಅದರಾಗ ಒಂದು ಎಂಜೈಮ್ ಕ್ಯಾನ್ಸರ್ ಇದ್ದಲ್ಲಿ ಜಾಸ್ತಿ ಇರತೈತಿ, ಅದಕ್ಕ ವಿಷಾನೂ ಅಲ್ಲೇ ಜಾಸ್ತಿ ಆಗತೈತಿ. ಉಳದಿದ್ದನ್ನ ಲಿವರ್‌ದಾಗಿನ ಇನ್ನೊಂದು ಎಂಜೈಮ್ ಮುರದು ಹೊರಗ ಹಾಕತೈತಿ. ಒಂದು ಹುಟ್ಟಸತೈತಿ, ಒಂದು ಕಸಾ ಹೊಡೀತೈತಿ. ತಿಳೀತಿಲ್ಲರಿ?"

"ತಿಳೀತ್ರಿ," ಅಂದಿದ್ದ ವಿರುಪಾಕ್ಷಪ್ಪ. ಕಸ್ತೂರೆವ್ವನೂ ತಲೆಯಾಡಿಸಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

"ಕೆಲವು ಮಂದಿಗೆ ಹುಟ್ಟಿದಾಗಿಂದನ ಆ ಕಸಾ ಹೊಡಿಯೂ ಎಂಜೈಮ್ ಕಡಿಮಿ ಇರತೈತಿ. ಮೇಲೆ ನೋಡಿದ್ರ ಏನೂ ಗೊತ್ತಾಗೂದಿಲ್ಲ. ಅಂಥವರಿಗೆ ಪೂರಾ ಡೋಸ್ ಕೊಟ್ರ ಔಷಧ ಮೈಯಾಗ ಕುಂತಬಿಡತೈತಿ. ಬಾಯಿ, ಕರಳು, ರಕ್ತ ಎಲ್ಲಾ ಸುಡತೈತಿ. ಅದಕ್ಕ ಇವರ ರಕ್ತ ಪುಣೆಕ್ಕ ಕಳಸತೀನಿ. ವರದಿ ಬರಾಕ ಎಂಟ ಹತ್ತ ದಿನ ಬೇಕು."

"ಹತ್ತ ದಿನ ಕೈ ಕಟಗೊಂಡ ಕುಂದರೂದ್ರ್ಯಾ?" ವಿರುಪಾಕ್ಷಪ್ಪನ ದನಿ ಏರಿತ್ತು. "ಸ್ಕ್ಯಾನು ಅದು ಇದು ಅಂತ ಮೊದಲ ತಿಂಗಳ ಹೋತು. ರೋಗ ಹತ್ತ ದಿನ ಸುಮ್ಮ ಇರತೈತೇನ್ರಿ? ಬಾಗದಾಗ ದಾವಣಿ ಎರಡ ದಿನದಾಗ ಆರ ಎಕರೆ ಮುಗಸತೈತಿ."

ಹೆದರಿಕೆ ಅದು. ಅವನಿಗೆ ಹೆದರಿಕೆಯಾದಾಗೆಲ್ಲ ದನಿ ಏರುತ್ತದೆ. ಡಾಕ್ಟರಿಗೆ ಅದು ಗೊತ್ತಾಗಿರಬೇಕು. ಬಹಳ ಹೊತ್ತು ವಾದ ನಡೆದ ಮೇಲೆ ಚೀಟಿ ಎಳೆದುಕೊಂಡು ಬರೆದಳು. "ಆತು. ವರದಿ ಬರೂ ತನಕಾ ಅರ್ಧಾ ಡೋಸ್. ದಿನಕ್ಕ ಮೂರ ಗುಳಿಗಿ, ಮುಂಜಾನೆ ಎರಡು, ಸಂಜೀಕ ಒಂದು. ವರದಿ ಚೊಲೊ ಬಂತಂದ್ರ ಆರು ಮಾಡೂಣು. ನಡಕ ಬಾಯಾಗ ಹುಣ್ಣಾತು, ಸಂಡಾಸ ಹತ್ತಿತು, ಜ್ವರ ಬಂತಂದ್ರ ಅವತ್ತ ನಿಲ್ಲಸರಿ. ನನಗ ಫೋನ್ ಹಚ್ಚರಿ."

ಅರ್ಧ ಡೋಸು! ಆ ಮಾತು ಕೇಳಿದ್ದೇ ತಡ, ವಿರುಪಾಕ್ಷಪ್ಪನ ಮನಸ್ಸು ಮುಚ್ಚಿಕೊಂಡಿತು. ಡಾಕ್ಟರು ಓದಿದವಳು, ಒಪ್ಪಿದ. ಆದರೆ ಅರ್ಧ ಡೋಸಿನಿಂದ ರೋಗ ಸೊಕ್ಕುವುದನ್ನು ಇವಳು ಕಣ್ಣಾರೆ ಎಲ್ಲಿ ಕಂಡಿದ್ದಾಳೆ? ಹಿಂದಿರುಗುವಾಗ ಗಾಡಿಯಲ್ಲಿ ಕಸ್ತೂರೆವ್ವ ಏನೋ ಹೇಳಿದಳು. ಉಗಾರದ ಯಾರದೋ ಫೋನು ಬಂದಿತ್ತು, ವಿರುಪಾಕ್ಷಪ್ಪ ಬೂದಿ ರೋಗಕ್ಕೆ ಗಂಧಕ ಎಷ್ಟೆಂದು ಹೇಳುತ್ತಿದ್ದ. ತಡಿ ಅನ್ನುವಂತೆ ಅವಳಿಗೆ ಕೈ ಮಾಡಿದ. ಅವಳು ಸುಮ್ಮನಾದಳು. ಆಮೇಲೆ ಅವನೂ ಕೇಳಲಿಲ್ಲ.

ಮನೆಗೆ ಬಂದು ಗುಳಿಗೆಗಳನ್ನು ತನ್ನ ಕಪಾಟಿನಲ್ಲೇ ಇಟ್ಟುಕೊಂಡ. ಮಗ ದುಂಡೇಶನಿಗೂ ಸೊಸೆ ಸ್ನೇಹಲಳಿಗೂ "ದಿನಕ್ಕ ಮೂರು" ಅಂತ ಹೇಳಿದ. ಕೊಟ್ಟಿದ್ದು ಆರು. ಮುಂಜಾನೆ ಮೂರು, ಸಂಜೆ ಮೂರು. ಮುಂಜಾನೆ ಬಾಗಕ್ಕೆ ಹೊರಡುವ ಮೊದಲು ಎದುರಿಗೆ ನಿಂತು ನುಂಗಿಸುತ್ತಿದ್ದ. ಸಂಜೆಯವನ್ನು ಮಧ್ಯಾಹ್ನ ಊಟಕ್ಕೆ ಬಂದಾಗಲೇ ಅವಳ ಕೈಗೆ ಕೊಟ್ಟು ಹೋಗುತ್ತಿದ್ದ. ಸಂಜೆ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತ ಕೂಗುತ್ತಿದ್ದ, "ತಗೊಂಡೀ?" ಒಳಗಿನಿಂದ "ತಗೊಂಡ್ನಿ" ಅಂತ ಬರುತ್ತಿತ್ತು.

ಐದನೆಯ ದಿನ ಹುಣ್ಣೆದ್ದಾಗ ಸ್ನೇಹಲ ಕೇಳಿದ್ದಳು. ನಿಪ್ಪಾಣಿಯ ಹುಡುಗಿ, ಸೂಕ್ಷ್ಮ ಕಣ್ಣಿನವಳು. "ಮಾಮಾ, ಅತ್ತಿ ಬಾಯಿ ನೋಡೀರೇನ್ರಿ? ಡಾಕ್ಟರಿಗೆ ಒಂದ್ ಫೋನ್ ಹಚ್ಚೂಣ?"

"ನಾ ಹಚ್ಚೇನಿ. ಹಿಂಗ ಆಗತೈತಿ ಅಂದ್ರು."

ಹಚ್ಚಿರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಒಂದು ಗಳಿಗೆ ಕಸಿವಿಸಿಯಾಗಿತ್ತು. ಆದರೆ ಆ ವಾರ ಅಕಾಲದ ಮಳೆ ಬಿದ್ದು ಎಲ್ಲರ ಬಾಗದಲ್ಲೂ ದಾವಣಿ ಶುರುವಾಗಿತ್ತು. ಕಸಿವಿಸಿ ಪಡಲು ಪುರುಸೊತ್ತಿರಲಿಲ್ಲ.

ಹೀಗೆ ಏಳು ದಿನ ಕಳೆದು ಎಂಟನೆಯ ದಿನದ ಮುಂಜಾನೆ ಅವನು ಆ ಮೂರು ಗುಳಿಗೆ ಹಿಡಿದು ನಿಂತದ್ದು.

"ನುಂಗತೀಯೋ ಇಲ್ಲೋ?" ದನಿ ಮತ್ತೆ ಏರಿತು.

ಕಸ್ತೂರೆವ್ವ ತಲೆದಿಂಬಿನ ಪಕ್ಕದಲ್ಲಿದ್ದ ಬೇದಾಣಿ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಗೋಡೆಯ ಕಡೆ ಹೊರಳಿದಳು. ಒಣದ್ರಾಕ್ಷಿಯ ಆ ಸ್ಟೀಲ್ ಡಬ್ಬಿ ವಾರದಿಂದ ಅವಳ ಬದಿಗೇ ಇತ್ತು. ನೀರೂ ಇಳಿಯದ ಬಾಯಿಗೆ ಬೇದಾಣಿಯ ಆಸೆ ನೋಡು, ಅಂತ ವಿರುಪಾಕ್ಷಪ್ಪನಿಗೆ ಸಿಟ್ಟೇ ಬಂತು. ಬಗ್ಗಿ ಅವಳ ಗದ್ದ ಹಿಡಿದ. ಕೈಗೆ ಕಾದ ಹಂಚು ತಾಗಿದಂತಾಯಿತು. ಮೈಯೆಲ್ಲ ಜ್ವರ.

ಆಗಲೇ ಸ್ನೇಹಲ ಓಡಿ ಬಂದದ್ದು. ಕೈಯಲ್ಲಿ ಫೋನು, ಮುಖದಲ್ಲಿ ರಕ್ತವಿಲ್ಲ.

"ಮಾಮಾ, ಗುಳಿಗಿ ಕೊಡಬ್ಯಾಡ್ರಿ! ಮಿರಜದಿಂದ ಡಾಕ್ಟರ್ ಬಾಯಾರು. ವರದಿ ಬಂದೈತಿ."

ಫೋನಿನ ಸ್ಪೀಕರಿನಿಂದ ಡಾಕ್ಟರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ವಿರುಪಾಕ್ಷಪ್ಪನವರ, ಇವರ ಲಿವರ್‌ದಾಗ ಆ ಎಂಜೈಮ್ ಭಾಳ ಕಡಿಮಿ ಐತ್ರಿ. ಇನ್ನ ಒಂದ ಗುಳಿಗೀನೂ ಬ್ಯಾಡ. ಹೆಂಗ ಅದಾರ? ಎಷ್ಟ ಹೋಗ್ಯಾವ ಇಲ್ಲೀ ತನಕಾ?"

ವಿರುಪಾಕ್ಷಪ್ಪನ ಮುಷ್ಟಿ ಮುಚ್ಚಿಕೊಂಡಿತು. ಬೆವರಿಗೆ ಗುಳಿಗೆಗಳು ಅಂಗೈಗೆ ಅಂಟಿದವು. ಸೊಸೆ ಅವನನ್ನೇ ನೋಡುತ್ತಿದ್ದಳು.

"ದಿನಕ್ಕ ಮೂರ್ರಿ," ಅಂದ.

"ಮೈ ಸುಡಾಕತ್ತೈತ್ರಿ," ಸ್ನೇಹಲ ನಡುವೆ ಬಾಯಿ ಹಾಕಿದಳು. "ಬಾಯಿ ತುಂಬ ಹುಣ್ಣು, ರಾತ್ರಿಯಿಂದ ಸಂಡಾಸ."

"ಅಯ್ಯ ದೇವರ! ಈಗಿಂದೀಗ ಕರಕೊಂಡು ಬರ್ರಿ. ತಾಸು ಗಳಿಗಿ ನೋಡಬ್ಯಾಡ್ರಿ."

ದುಂಡೇಶ ಗಾಡಿ ತೆಗೆದ, ಸ್ನೇಹಲ ಅವನ ಪಕ್ಕ ಕುಳಿತಳು. ಹಿಂದಿನ ಸೀಟಿನಲ್ಲಿ ಕಸ್ತೂರೆವ್ವನ ತಲೆ ವಿರುಪಾಕ್ಷಪ್ಪನ ತೊಡೆಯ ಮೇಲಿತ್ತು, ಡಬ್ಬಿ ಅವಳ ಕೈಯಲ್ಲಿತ್ತು. "ಅದನ್ಯಾಕ ಹೊತಗೊಂಡೀ, ಇಲ್ಲೇ ಇಡು" ಅಂದರೂ ಬಿಟ್ಟಿರಲಿಲ್ಲ. ಊರು ದಾಟಿ ಒಂದು ಮೈಲಿ ಹೋಗುವುದರೊಳಗೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಉಗಾರದ ಸಕ್ಕರೆ ಕಾರ್ಖಾನೆ ಕಡೆ ಹೊರಟಿದ್ದವು, ಒಂದೊಂದಕ್ಕೆ ಎರಡೆರಡು ಟ್ರೇಲರು, ಮುಂದೆ ಯಾವುದೋ ಒಂದರ ಚಕ್ರ ಕಳಚಿ ರಸ್ತೆಗೆ ಅಡ್ಡವಾಗಿ ಕುಳಿತಿತ್ತು. ದುಂಡೇಶ ಹಾರ್ನು ಒತ್ತಿಯೇ ಒತ್ತಿದ. ಇಳಿದು ಹೋಗಿ ಕೂಗಾಡಿದ. ಜನ ಸೇರಿ ಕಬ್ಬು ಇಳಿಸಿ ದಾರಿ ಮಾಡುವುದಕ್ಕೆ ಮುಕ್ಕಾಲು ತಾಸು ಹಿಡಿಯಿತು.

ಆ ಮುಕ್ಕಾಲು ತಾಸು ವಿರುಪಾಕ್ಷಪ್ಪ ಸತ್ತು ಸತ್ತು ಬದುಕಿದ. ಆರು ಅಂತ ಹೇಳಬೇಕು. ಹೇಳಿದರೆ ಮಗ ಏನನ್ನುತ್ತಾನೆ? ಸೊಸೆ ಇನ್ನು ಮುಖವೆತ್ತಿ ಮಾತಾಡಿಸುತ್ತಾಳೆಯೇ? ಹೇಳದಿದ್ದರೆ ಡಾಕ್ಟರು ಮೂರರ ಲೆಕ್ಕದಲ್ಲೇ ಉಪಚಾರ ಮಾಡುತ್ತಾಳೆ. ಹತ್ತು ಸಲ ಬಾಯಿ ತೆರೆದ, ಹತ್ತು ಸಲವೂ ಮುಚ್ಚಿದ. ಊರಿಗೆಲ್ಲ ಡೋಸು ಹೇಳುವ ಬಾಯಿ ಇದೇ. ಕೆಳಗೆ ನೋಡಿದರೆ ಕಸ್ತೂರೆವ್ವ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಅವನು ಸೆರಗಿನಿಂದ ಅವಳ ಹಣೆ ಒರೆಸಿ, ಕಿಟಕಿಯ ಕಡೆ ಮುಖ ಮಾಡಿದ.

ಮಿರಜದಲ್ಲಿ ಅವಳನ್ನು ನೇರ ಒಳಗೆ ಒಯ್ದರು. ಬೇರೆಯವರಿಂದ ಸೋಂಕು ತಾಗಬಾರದೆಂದು ಒಬ್ಬಳನ್ನೇ ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ತಾಸಿನ ನಂತರ ಡಾಕ್ಟರ್ ಉಜ್ವಲಾ ರಕ್ತದ ವರದಿ ಹಿಡಿದು ಹೊರಗೆ ಬಂದು ಮೂವರನ್ನೂ ತನ್ನ ಕೋಣೆಗೆ ಕರೆದಳು.

"ಬಿಳಿ ಕಣ ಒಂಬೈನೂರಕ್ಕ ಇಳದಾವ. ನಾಕ ಸಾವಿರದ ಮ್ಯಾಲ ಇರಬೇಕಾಗಿತ್ತು. ಕರಳೂ ಸುಟ್ಟೈತಿ. ದಿನಕ್ಕ ಮೂರರಾಗ ಹಿಂಗ ಆಗೇತಿ ಅಂದ್ರ ತಡಕೋತಾರ, ಉಳಸಬಹುದು. ಮೂರ ಕೊಟ್ಟೀರಿ, ಪಕ್ಕಾ?"

ವಿರುಪಾಕ್ಷಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಆರ್ರೀ."

ಡಾಕ್ಟರು ಪೆನ್ನು ಕೆಳಗಿಟ್ಟಳು. ದುಂಡೇಶ ಕುರ್ಚಿಯಿಂದ ಅರ್ಧ ಎದ್ದ. "ಅಪ್ಪಾ, ಏನಂದಿ?"

"ಆರು ಕೊಟ್ಟೇನಿ. ಮುಂಜಾನೆ ಮೂರು, ಸಂಜೀಕ ಮೂರು. ಏಳ ದಿನ." ಒಮ್ಮೆ ಬಾಯಿ ಬಿಚ್ಚಿದ ಮೇಲೆ ಮಾತು ತಾನೇ ಬಂತು. "ಅರ್ಧಾ ಡೋಸಿಗೆ ರೋಗ ಸೊಕ್ಕತೈತ್ರಿ ಡಾಕ್ಟರ. ನಾ ಬಾಗದಾಗ ಕಂಡೇನಿ. ಅದಕ್ಕ..."

"ನಿಮ್ಮ ಬಾಗದಾಗ ಹೊಸಾ ಔಷಧ ಬಂದ್ರ ಏನ ಮಾಡತೀರಿ?" ಡಾಕ್ಟರು ಸಿಟ್ಟಿನಿಂದ ಕೇಳಿದಳು.

"ಮೊದಲ ಒಂದ ಸಾಲಿಗೆ ಹೊಡದ ನೋಡತೀವ್ರಿ." ರೂಢಿಯಿಂದ ಬಂದ ಉತ್ತರ. ಬಂದ ಮೇಲೆ ಅವನ ಕಿವಿಗೇ ಬಿತ್ತು.

"ನಾ ಹೇಳಿದ್ದೂ ಅದ ರೀ. ಮೂರ ಗುಳಿಗಿ ಅಂದ್ರ ಅದ. ಅರ್ಧಾ ಡೋಸಲ್ಲ, ಒಂದ ಸಾಲು. ಬಳ್ಳಿಗೆ ಕಾಯೂ ಮನಸ್ಯಾಗ ಹೇಂತಿಗೆ ಎಂಟ ದಿನ ಕಾಯಾಕ ಆಗಲಿಲ್ಲ?"

ವಿರುಪಾಕ್ಷಪ್ಪ ತೊಡೆಯ ಮೇಲಿನ ಟೋಪಿಯನ್ನು ಮಡಚಿದ. ಇಷ್ಟು ಸಾದಾ ಮಾತು ತನಗೆ ಅಂದೇ ಯಾಕೆ ಹೊಳೆಯಲಿಲ್ಲ? ಎರಡು ಕಟ್ಟಳೆಯಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ತಾನು ಹಿಡಿದುಕೊಂಡದ್ದು ಯಾಕೆ?

"ಈ ವಿಷಾ ಇಳಸಾಕ ಉತಾರಾ ಏನೂ ಇಲ್ಲೇನ್ರಿ?" ಸ್ನೇಹಲ ಕೇಳಿದಳು.

"ಉತಾರಾ ಔಷಧ ಐತ್ರಿ, ಪರದೇಶದಾಗ. ಗುಳಿಗಿ ತಗೊಂಡ ನಾಕ ದಿನದೊಳಗ ಕೊಡೂವಂಥಾದ್ದು. ಇವತ್ತ ಇಲ್ಲಿ ನಮ್ಮ ಕೈಗೆ ಸಿಗೂದಲ್ಲ. ಸಲಾಯಿನ್ ಐತಿ, ಬಿಳಿ ಕಣ ಏರಸೂ ಇಂಜೆಕ್ಷನ್ ಐತಿ, ಸೋಂಕಿಗೆ ಔಷಧ ಐತಿ. ಅಷ್ಟ ನಮ್ಮ ಕೈಯಾಗ ಇರೂದು. ಆರು ಹೋಗಿದ್ರ..." ಡಾಕ್ಟರು ವಿರುಪಾಕ್ಷಪ್ಪನನ್ನು ನೋಡಿದಳು. "ನಾ ಸುಳ್ಳ ಭರವಸಾ ಕೊಡೂದಿಲ್ಲರಿ. ಇನ್ನೂ ಇಳೀತಾವ. ಮೂರ ದಿನ ನೋಡಬೇಕು."

ಮೂರು ದಿನ! ಒಂದು ಸಾಲಿಗೆ ಹೊಡೆದು ಕಾಯುವಷ್ಟೇ ದಿನ.

ದುಂಡೇಶ ಅಪ್ಪನ ಜೊತೆ ಮಾತು ಬಿಟ್ಟ. ವರಾಂಡದ ಇನ್ನೊಂದು ತುದಿಯ ಬೆಂಚಿನ ಮೇಲೆ ಹೋಗಿ ಕುಳಿತ. ಸ್ನೇಹಲ ಮಾತ್ರ ಹೊತ್ತು ಹೊತ್ತಿಗೆ ಚಹಾ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಅದು ಆರಿ ಕೆನೆಗಟ್ಟುತ್ತಿತ್ತು. ಮೊದಲನೆಯ ದಿನ ಸಂಜೆ ಬಿಳಿ ಕಣ ಏಳುನೂರಕ್ಕೆ ಇಳಿದವು. ಎರಡನೆಯ ದಿನ ಮುಂಜಾನೆ ಆರುನೂರು. ಜ್ವರ ಬಿಡಲಿಲ್ಲ. ಬಾಗಿಲಿನ ಗಾಜಿನಿಂದ ನೋಡಿದರೆ ಕಸ್ತೂರೆವ್ವ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಕಾಣುತ್ತಿದ್ದಳು. ತನ್ನ ಕೈಯಿಂದಲೇ ಹೋದಳು ಅಂತ ವಿರುಪಾಕ್ಷಪ್ಪನಿಗೆ ಖಾತ್ರಿಯಾಗಿತ್ತು. ಶತ್ರು ಹಾಕಿದ ವಿಷವಲ್ಲ, ಪ್ರೀತಿಯಿಂದ ಹಾಕಿದ್ದು. ಹಾಗಂತ ಯಾರ ಮುಂದೆ ಹೇಳಿಕೊಳ್ಳುವುದು?

ಫೋನು ಬರುತ್ತಲೇ ಇತ್ತು. ಮೂರನೆಯ ಮುಂಜಾನೆ ಐನಾಪುರದ ಜ್ಞಾನದೇವ ಹಚ್ಚಿದ.

"ಕಾಕಾ, ಹೊಸಾ ಔಷಧ ತಂದೇನಿ, ಡೋಸ್ ಎಷ್ಟ ಹಾಕಲಿ?"

"ನನ್ನ ಕೇಳಬ್ಯಾಡೋ," ಅಂದ ವಿರುಪಾಕ್ಷಪ್ಪ. "ಚೀಟಿ ಮ್ಯಾಲ ಬರದಿರತಾರ, ಓದಕೋ. ನನಗೇನೂ ಗೊತ್ತಿಲ್ಲ." ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಅರವತ್ತೆರಡು ವರ್ಷದ ಗಂಡಸು ಆಸ್ಪತ್ರೆಯ ವರಾಂಡದಲ್ಲಿ ಬಿಕ್ಕಿ ಬಿಕ್ಕಿ ಅತ್ತ. ದೂರದ ಬೆಂಚಿನಿಂದ ದುಂಡೇಶ ಎದ್ದು ಬಂದು ಪಕ್ಕದಲ್ಲಿ ಕುಳಿತ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರ್ ಉಜ್ವಲಾ ವರದಿಯನ್ನು ಎರಡೆರಡು ಸಲ ನೋಡಿದಳು. ಬಿಳಿ ಕಣ ಒಂದು ಸಾವಿರದ ಮುನ್ನೂರು. ಜ್ವರ ಇಳಿದಿತ್ತು. ಸಂಡಾಸ ನಿಂತಿತ್ತು.

"ಇದು ನನಗ ತಿಳಿಯವಲ್ದು," ಅಂದಳು. "ಈ ಎಂಜೈಮ್ ಕಡಿಮಿ ಇದ್ದ ಮನಸ್ಯಾರು ಏಳ ದಿನ ಆರಾರು ನುಂಗಿದ್ರ ಇಷ್ಟ ಲಗೂ ಮ್ಯಾಲೆ ಬರೂದಿಲ್ಲ. ವಿರುಪಾಕ್ಷಪ್ಪನವರ, ಖರೇ ಹೇಳರಿ. ಆರು ಕೊಟ್ಟಿದ್ರಿ?"

"ಖರೇ ರೀ. ನನ್ನ ಕೈಯಾರೆ ಕೊಟ್ಟೇನಿ."

"ಬರ್ರಿ ಒಳಗ. ಅವರನ್ನ ಕೇಳೂಣು."

ಮಾಸ್ಕು ಕಟ್ಟಿಕೊಂಡು ಇಬ್ಬರೂ ಒಳಗೆ ಹೋದರು. ಕಸ್ತೂರೆವ್ವ ದಿಂಬಿಗೆ ಒರಗಿ ಕುಳಿತಿದ್ದಳು. ಡಬ್ಬಿ ಪಕ್ಕದ ಸ್ಟೂಲಿನ ಮೇಲಿತ್ತು. ಡಾಕ್ಟರು ಬಗ್ಗಿ ಕೇಳಿದಳು, "ಅವ್ವಾರ, ದಿನಾ ಆರ ಗುಳಿಗಿ ನುಂಗಿದ್ರಿ?"

ಕಸ್ತೂರೆವ್ವನ ಹುಬ್ಬು ಗಂಟಿಕ್ಕಿತು. ಹುಣ್ಣಿನ ಬಾಯಿಂದ ಮಾತು ತುಣುಕು ತುಣುಕಾಗಿ ಬಂತು. "ಆರು? ಯಾರ ಹೇಳಿದ್ರು?"

"ನಿಮ್ಮ ಮನಿಯವರು ಹೇಳ್ಯಾರ. ಬಂದ ದಿನಾನ ಹೇಳ್ಯಾರ."

ಅವಳು ಗಂಡನ ಕಡೆ ಹೊರಳಿ ನೋಡಿದಳು. ಇವನು ತಾನಾಗಿ ತಪ್ಪು ಒಪ್ಪಿಕೊಂಡದ್ದನ್ನು ಮೂವತ್ತೈದು ವರ್ಷದಲ್ಲಿ ಅವಳು ಕೇಳಿದ್ದು ಇದೇ ಮೊದಲು. ಆಮೇಲೆ ಸ್ಟೂಲಿನ ಕಡೆ ಬೆರಳು ಮಾಡಿದಳು. ವಿರುಪಾಕ್ಷಪ್ಪ ಡಬ್ಬಿ ತೆಗೆದು ಕೊಟ್ಟ. ಮುಚ್ಚಳ ತಿರುಗಿಸುವ ಶಕ್ತಿ ಅವಳಿಗಿರಲಿಲ್ಲ. ಅವನೇ ತಿರುಗಿಸಿದ. ಮೇಲೆ ಒಂದು ಹಿಡಿ ಬೇದಾಣಿ. ಕೆಳಗೆ ಹಳೆಯ ಕುಪ್ಪಸದ ಬಟ್ಟೆಯ ಒಂದು ಗಂಟು.

ಬಿಚ್ಚಿದ. ತಿಳಿಗೆಂಪು ಗುಳಿಗೆಗಳು. ಡಾಕ್ಟರು ಬೆರಳಿನಿಂದ ಒಂದೊಂದೇ ಸರಿಸಿ ಎಣಿಸಿದಳು. ಇಪ್ಪತ್ತೊಂದು. ಏಳು ಸಂಜೆಯವು.

"ಮುಂಜಾನೆ ನೀವು ಮುಂದ ನಿಂದರತಿದ್ರಿ," ಕಸ್ತೂರೆವ್ವ ಗಂಡನಿಗೆ ಹೇಳಿದಳು. "ಸಂಜೀಕ ಅಂಗಳದಾಗಿಂದ ಕೇಳತಿದ್ರಿ. ಡಾಕ್ಟರ್ ಬಾಯಾರು ದಿನಕ್ಕ ಮೂರು ಅಂದಿದ್ದು ನನಗೂ ಕೇಳಿಸಿತ್ತು. ನಾನೂ ಅಲ್ಲೇ ಕುಂತಿದ್ನೆಲ್ಲ."

ವಿರುಪಾಕ್ಷಪ್ಪನ ಕೈಯಲ್ಲಿ ಡಬ್ಬಿ ವಾಲಿ ಬೇದಾಣಿಗಳು ಒಂದೆರಡು ಹಾಸಿಗೆಗೆ ಬಿದ್ದವು.

"ಎಷ್ಟ ವರ್ಷ ಚಾ ತಗೊಂಡ ಬಂದೇನಿ ನಿಮ್ಮ ಮುಂದ. ಮೊದಲ ಒಂದ ಸಾಲಿಗೆ, ಮೊದಲ ಒಂದ ಸಾಲಿಗೆ. ಕೇಳಿ ಕೇಳಿ ಬಾಯಿಪಾಠ ಆಗೇತಿ. ನನ್ನ ಮೈಗೆ ನಾನ ಒಂದ ಸಾಲು ಹೊಡದ ನೋಡಿದ್ನಿ. ಸಾಲ ಸುಟ್ಟಿತು. ಅದಕ್ಕ ಎಂಟನೇ ದಿನ ಬಾಯಿ ಮುಚ್ಚಿದ್ನಿ."

ಡಾಕ್ಟರ್ ಉಜ್ವಲಾ ಅವಳ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ. "ಅವ್ವಾರ, ಆರು ನುಂಗಿದ್ರ ಇವತ್ತ ನಾವು ನಿಮ್ಮ ಜೋಡಿ ಮಾತಾಡತಿದ್ದಿಲ್ಲ."

"ನನಗರ ಹೇಳಬೇಕಿಲ್ಲೇನ ಬೇ?" ವಿರುಪಾಕ್ಷಪ್ಪನ ದನಿ ಒಡೆಯಿತು. "ಒಂದ ಮಾತು! ನಾ ನಿನ್ನ ಕೊಂದ್ನಿ ಅಂತ ತಿಳದು... ಮೂರ ದಿನ..."

"ಹೇಳಿದ್ನೆಲ್ರಿ. ಮಿರಜದಿಂದ ಬರೂ ಮುಂದ ಗಾಡ್ಯಾಗ. ಮೂರು ಅಂದಾರ, ಮೂರ ಕೊಡರಿ ಅಂದ್ನಿ." ಅವಳು ಉಸಿರು ತೆಗೆದುಕೊಂಡಳು. "ನೀವು ಫೋನಿನ್ಯಾಗ ಇದ್ರಿ."

ಅವನಿಗೆ ನೆನಪಾಯಿತು. ಬೂದಿ ರೋಗ, ಗಂಧಕ, ತಡಿ ಅಂತ ಎತ್ತಿದ ಕೈ. ಗುಳಿಗೆಗಳ ಗಂಟನ್ನು ಡಾಕ್ಟರ ಕೈಗೆ ಕೊಟ್ಟು, ಹಾಸಿಗೆಗೆ ಬಿದ್ದ ಬೇದಾಣಿಗಳನ್ನು ಒಂದೊಂದೇ ಆರಿಸಿ ಡಬ್ಬಿಗೆ ಹಾಕಿದ.

ಡಾಕ್ಟರು ಹೇಳಬೇಕಾದ್ದು ಇನ್ನೂ ಇತ್ತು. ಈ ಔಷಧ ಕಸ್ತೂರೆವ್ವನಿಗೆ ಇನ್ನು ಮುಂದೆ ಬೇಡ. ಎಲುಬಿನ ರೋಗಕ್ಕೆ ಬೇರೆ ದಾರಿ ಇದೆ, ಮೈ ಸುಧಾರಿಸಿದ ಮೇಲೆ ನೋಡೋಣ. ಎಂಜೈಮಿನ ಈ ಕೊರತೆ ರಕ್ತದಲ್ಲೇ ಬರುವಂಥದ್ದು, ದುಂಡೇಶನದೂ ಒಮ್ಮೆ ತಪಾಸಣೆ ಆಗಲಿ. ಎಲ್ಲಕ್ಕೂ ವಿರುಪಾಕ್ಷಪ್ಪ ಹೂಂ ಅಂದ. ಈ ಸಲ ಹೂಂ ಅನ್ನುವ ಮುಂಚೆ ಪ್ರತಿ ಮಾತಿಗೂ ಹೆಂಡತಿಯ ಮುಖ ನೋಡಿದ.

ಮಧ್ಯಾಹ್ನ ನರ್ಸು ವಾಂತಿಯ ಗುಳಿಗೆಯ ಪಟ್ಟಿ ತಂದು, ರೂಢಿಯಂತೆ ಗಂಡಸಿನ ಕೈಗೇ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ಹಾಸಿಗೆಯಲ್ಲಿದ್ದವಳಿಗೆ ಹೇಳಿ ಹೋದಳು. ವಿರುಪಾಕ್ಷಪ್ಪ ಪಟ್ಟಿ ಹಿಡಿದು ಮಂಚದ ಮುಂದೆ ನಿಂತ.

"ಎಷ್ಟಂದ್ರು?"

ಕಸ್ತೂರೆವ್ವ ಒಂದು ಬೆರಳೆತ್ತಿದಳು.

ಅವನು ಒಂದನ್ನೇ ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಉಳಿದ ಪಟ್ಟಿಯನ್ನು ಬೇದಾಣಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅವಳ ಬದಿಗೇ ಸರಿಸಿದ.